ಮುಟ್ಟು ತಡವಾದಾಗ



ಬೆಳಗಾವಿಯ ಯಾವುದೇ ಮನೆಗೆ ಹೋಗಿ, ಅಡಿಗೆಮನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಸಂಕಷ್ಟಿ, ಏಕಾದಶಿ ಎಲ್ಲಕ್ಕೂ ಅದರ ಮೇಲೆ ಗುರುತು ಇರುತ್ತದೆ. ಗುರುತಿಲ್ಲದ್ದು ಒಂದೇ: ಮನೆಯ ಹೆಣ್ಣುಮಕ್ಕಳ ಮುಟ್ಟಿನ ದಿನ. ಅದನ್ನು ಬರೆದಿಡಲು ನಾಚಿಕೆ. ಆ ನಾಚಿಕೆಯ ಬೆಲೆ ಎಷ್ಟು ಎಂಬುದೇ ಈ ಹೊತ್ತಿನ ಮಾತು.

ಎರಡು ಸಂಗತಿಗಳನ್ನು ಹೇಳುತ್ತೇನೆ. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಗೆಳತಿಯೊಬ್ಬಳಿಗೆ ನಲವತ್ತೈದು ದಿನವಾದರೂ ಮುಟ್ಟಾಗಲಿಲ್ಲ. ಹೆದರಿ ಊಟ ಬಿಟ್ಟಳು, ಯಾರನ್ನೂ ಕೇಳಲಿಲ್ಲ. ಕೊನೆಗೆ ವೈದ್ಯರು ನೋಡಿದಾಗ ಅದು ಥೈರಾಯ್ಡ್ ತೊಂದರೆ. ಬಹಳ ವರ್ಷಗಳ ನಂತರ, ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಚಿತ್ರೀಕರಣದ ವೇಳೆ ತಾಯಿಯೊಬ್ಬಳು ನಕ್ಕು ಹೇಳಿದಳು: "ಕೂಸು ಇನ್ನೂ ಹಾಲು ಕುಡೀತೈತ್ರಿ, ಈಗ ಮುಟ್ಟು ಹೆಂಗ ಬರತೈತಿ?" ಪರೀಕ್ಷೆ ಮಾಡಿಸಿದಾಗ ಆಕೆಗೆ ಐದು ತಿಂಗಳು ತುಂಬಿತ್ತು. ಒಬ್ಬಳು ಇಲ್ಲದ ಬಸಿರಿಗೆ ಹೆದರಿದಳು, ಇನ್ನೊಬ್ಬಳು ಇದ್ದ ಬಸಿರನ್ನು ತಿಳಿಯಲಿಲ್ಲ. ಇಬ್ಬರೂ ಮಾಡದೆ ಬಿಟ್ಟದ್ದು ಒಂದೇ ಕೆಲಸ, ದಿನ ಎಣಿಸಿ ಪರೀಕ್ಷಿಸುವುದು.

ಮೊದಲು ದೇಹದ ಲೆಕ್ಕವನ್ನು ತಿಳಿಯೋಣ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನವರೆಗೆ 28 ದಿನ ಎನ್ನುವುದು ಸರಾಸರಿ ಮಾತ್ರ. ವಯಸ್ಕ ಹೆಣ್ಣಿನಲ್ಲಿ 21ರಿಂದ 35 ದಿನಗಳವರೆಗೆ ಎಲ್ಲವೂ ಸಹಜ. ಅಂಡಾಶಯದಿಂದ ಅಂಡ ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಅಂಡ ಬದುಕುವುದು ಒಂದು ದಿನದೊಳಗೆ. ಆದರೆ ಪುರುಷನ ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಜೀವಂತವಿರಬಲ್ಲದು. ಆದ್ದರಿಂದ ಗರ್ಭ ಕಟ್ಟುವ ಸಾಧ್ಯತೆ ಇರುವುದು ತಿಂಗಳಲ್ಲಿ ಸುಮಾರು ಆರು ದಿನ. ಆ ಆರು ದಿನ ಯಾವುವು ಎಂಬುದನ್ನು ಮುಂಚಿತವಾಗಿ ಖಚಿತವಾಗಿ ಹೇಳಲಾಗದು. 21 ದಿನಕ್ಕೊಮ್ಮೆ ಮುಟ್ಟಾಗುವವಳಲ್ಲಿ ಏಳನೆಯ ದಿನಕ್ಕೇ ಅಂಡ ಹೊರಬರಬಹುದು. "ಮುಟ್ಟಾದ ಹತ್ತು ದಿನ ಭಯವಿಲ್ಲ" ಎಂಬ ನಂಬಿಕೆ ಹೀಗೆ ಸುಳ್ಳಾಗುತ್ತದೆ. ಹೆರಿಗೆಯ ನಂತರ ಮೊದಲ ಮುಟ್ಟಿಗೂ ಮುನ್ನವೇ ಅಂಡ ಹೊರಬರಬಹುದು. ಖಾನಾಪುರದ ಆ ತಾಯಿ ಮೋಸಹೋದದ್ದು ಇಲ್ಲಿಯೇ.

ಬಸಿರಲ್ಲದೆ ಬೇರೆ ಕಾರಣಗಳಿಂದಲೂ ಮುಟ್ಟು ತಡವಾಗುತ್ತದೆ. ಪರೀಕ್ಷೆಯ ಒತ್ತಡ, ಉಪವಾಸ, ಥಟ್ಟನೆ ತೂಕ ಇಳಿಯುವುದು ಅಥವಾ ಏರುವುದು, ಥೈರಾಯ್ಡ್, ಪಿ.ಸಿ.ಓ.ಎಸ್., ನಲವತ್ತು ದಾಟಿದ ವಯಸ್ಸು, ಇವೆಲ್ಲ ಅಂಡ ಹೊರಬರುವುದನ್ನೇ ಮುಂದೂಡುತ್ತವೆ. ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡವರಿಗೂ ಮುಟ್ಟು ಹಿಂದೆಮುಂದೆ ಆಗಬಹುದು.

ಊಹೆಗಿಂತ ಪರೀಕ್ಷೆ ಮೇಲು. ಗರ್ಭ ಕಟ್ಟಿ ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆ ಎಚ್.ಸಿ.ಜಿ. ಎಂಬ ಹಾರ್ಮೋನು ಮೂತ್ರದಲ್ಲಿ ಕಾಣಿಸುತ್ತದೆ. ದಿನ ತಪ್ಪಿದ ಮೇಲೆ ಬೆಳಗಿನ ಮೊದಲ ಮೂತ್ರದಿಂದ ಪರೀಕ್ಷಿಸಿ. ಇಲ್ಲ ಎಂದು ಬಂದು, ಮುಟ್ಟೂ ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಿ. ಔಷಧಿ ಅಂಗಡಿಗೆ ಹೋಗಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರ 'ನಿಶ್ಚಯ್' ಹೆಸರಿನ ಕಿಟ್ಟನ್ನು ಅವರ ಮೂಲಕವೇ ಕೊಡುತ್ತದೆ. ದಿನ ತಪ್ಪಿದವಳಿಗೆ ಹೊಟ್ಟೆಯ ಒಂದು ಪಕ್ಕದಲ್ಲಿ ಜೋರು ನೋವು, ರಕ್ತಸ್ರಾವ, ತಲೆಸುತ್ತು ಬಂದರೆ ಮಾತ್ರ ಕಾಯಬೇಡಿ. ಗರ್ಭ ನಾಳದಲ್ಲೇ ಬೆಳೆದಿರಬಹುದು, ಅದು ಪ್ರಾಣಾಪಾಯ. ಕೂಡಲೇ ಆಸ್ಪತ್ರೆಗೆ ಹೋಗಿ.

ಬಸಿರು ಖಚಿತವಾದಾಗ ವೈದ್ಯರು ಮೊದಲು ಕೇಳುವುದು ಕೊನೆಯ ಮುಟ್ಟಿನ ತಾರೀಕು. ಅದಕ್ಕೆ ಒಂಬತ್ತು ತಿಂಗಳು, ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ. ಅಕ್ಟೋಬರ್ 15ರಂದು ಕೊನೆಯ ಬಾರಿ ಮುಟ್ಟಾದವಳಿಗೆ ಜುಲೈ 22. ಬೆಳಗಾವಿ ಪೇಟೆಯಲ್ಲಿ ಅದು ಬರೀ ತಾರೀಕು. ಖಾನಾಪುರದ ಕಾಡಂಚಿನ ಊರುಗಳಲ್ಲಿ ಹಾಗಲ್ಲ. ಅದು ಹಳ್ಳಗಳು ತುಂಬಿ ದಾರಿ ಮುಚ್ಚುವ ಕಾಲ. ತಾರೀಕು ತಿಳಿದ ಮನೆಯವರು ಹದಿನೈದು ದಿನ ಮುಂಚೆಯೇ ಬಸುರಿಯನ್ನು ಪೇಟೆಯ ನೆಂಟರ ಮನೆಗೆ ತರುತ್ತಾರೆ. ತಿಳಿಯದವರು ಮಳೆಯಲ್ಲಿ ಕಂಬಳಿ ಜೋಲಿ ಕಟ್ಟಬೇಕಾಗುತ್ತದೆ.

ಬೇಗ ತಿಳಿಯುವುದರ ಲಾಭಕ್ಕೆ ಬೆಳಗಾವಿಯೇ ಸಾಕ್ಷಿ. ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಸೇರಿದಂತೆ ಆರು ದೇಶಗಳ ಕೇಂದ್ರಗಳಲ್ಲಿ, 2016ರಿಂದ ಸುಮಾರು 12,000 ಚೊಚ್ಚಲ ಬಸುರಿಯರನ್ನು ಒಳಗೊಂಡ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಮಂದಿಗೆ ದಿನವೂ ಅಲ್ಪ ಪ್ರಮಾಣದ ಆಸ್ಪಿರಿನ್ ಕೊಡಲಾಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವಧಿಗೆ ಮುನ್ನ ಹೆರಿಗೆ ಶೇಕಡಾ 13.1ರಿಂದ 11.6ಕ್ಕೆ ಇಳಿಯಿತು. ಮಾತ್ರೆ ಶುರುವಾದದ್ದು 6ರಿಂದ 13 ವಾರಗಳ ಒಳಗೆ. ಮೂರು ತಿಂಗಳು ಮುಚ್ಚಿಟ್ಟ ಬಸುರಿಗೆ ಆ ಬಾಗಿಲು ಮುಚ್ಚಿರುತ್ತಿತ್ತು. ಹಾಗೆಂದು ಯಾರೂ ವೈದ್ಯರನ್ನು ಕೇಳದೆ ಆಸ್ಪಿರಿನ್ ನುಂಗಬೇಡಿ.

ಬಸಿರು ಬೇಡವಾದವರಿಗೂ ತಾರೀಕೇ ಆಧಾರ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಕಾನೂನು ಹೇಳುವ ಕಾರಣಗಳಿದ್ದರೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಮದುವೆಯಾಗದವರಿಗೂ ಈ ಹಕ್ಕಿದೆ, ಹೆಸರನ್ನು ಗುಟ್ಟಾಗಿಡುವುದು ಕಾನೂನಿನ ಕಟ್ಟಳೆ. ಕದ್ದುಮುಚ್ಚಿ ನಾಟಿ ಮದ್ದು ತಿಂದು ಜೀವಕ್ಕೆ ಕುತ್ತು ತಂದುಕೊಳ್ಳಬೇಕಾಗಿಲ್ಲ.

ತಾಯಂದಿರೇ, ಅತ್ತೆಯರೇ, ಗಂಡಂದಿರೇ, ಹಾಲಿನ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಸಣ್ಣ ಚುಕ್ಕೆಗೆ ಜಾಗ ಕೊಡಿ. ಮಗಳು "ದಿನ ತಪ್ಪಿದೆ" ಎಂದು ಬಂದು ಹೇಳಿದರೆ ಮೊದಲು "ಎಷ್ಟು ದಿನವಾಯಿತು?" ಎಂದು ಕೇಳಿ. ಬೈಯುವುದಿದ್ದರೆ ಆಮೇಲೆ. ಆಗ ಬೈಯುವ ಅಗತ್ಯವೇ ಬಾರದಿರಬಹುದು.