ನ್ಯೂಯಾರ್ಕಿನ ಹಾಸ್ಟೆಲಿನಲ್ಲಿ ಭೀಮರಾವ್

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ನಮ್ಮ ಹಾಸ್ಟೆಲುಗಳ ಗೋಡೆಗಳ ಮೇಲೆಲ್ಲ ಬಾಬಾಸಾಹೇಬರ ಫೋಟೋ ಇದೆ. ನೀಲಿ ಕೋಟು, ಕನ್ನಡಕ, ಕೈಯಲ್ಲಿ ಪುಸ್ತಕ. ಏಪ್ರಿಲ್ 14 ಬಂತೆಂದರೆ ಹಾರ ಹಾಕ್ತೀವಿ, ವಿದೇಶದಲ್ಲಿ ಓದಿ ಬಂದ ಮಹಾನ್ ವಿದ್ವಾಂಸ ಅಂತ ಭಾಷಣ ಮಾಡ್ತೀವಿ. ಆದರೆ ಆ ಓದು ಹೇಗೆ ನಡೆಯಿತು, ಎಲ್ಲಿ ಮಲಗಿದರು, ಏನು ತಿಂದರು, ದುಡ್ಡು ಯಾರು ಕೊಟ್ಟರು, ಯಾರ ಜತೆ ರೂಮು ಹಂಚಿಕೊಂಡರು ಅಂತ ಕೇಳೋದಿಲ್ಲ. ಕೇಳದೇ ಇದ್ದರೆ ಅವರು ದೇವರಾಗಿಬಿಡ್ತಾರೆ. ದೇವರಾಗಿಬಿಟ್ಟರೆ ನಮ್ಮ ಕೆಲಸ ಹಾರ ಹಾಕೋದಷ್ಟೇ. ಅದಕ್ಕೇ ಇವತ್ತು ಡಾಕ್ಟರ್ ಅಂಬೇಡ್ಕರ್ ಬಗ್ಗೆ ಬೇಡ, ಟ್ರಂಕು ಹಿಡಿದು ಪರದೇಶಕ್ಕೆ ಹೋದ ಭೀಮರಾವ್ ಎಂಬ ಹುಡುಗನ ಬಗ್ಗೆ ಮಾತಾಡೋಣ.

1913ನೇ ಇಸವಿ. ಫೆಬ್ರವರಿಯಲ್ಲಿ ತಂದೆ ರಾಮ್‌ಜಿ ಸಕ್ಪಾಲ್ ತೀರಿಕೊಂಡರು. ಮನೆಯಲ್ಲಿ ಹೆಂಡತಿ ರಮಾಬಾಯಿ, ಎಳೆ ಕೂಸು. ಭೀಮರಾವ್‌ಗೆ ಆಗ 22 ವರ್ಷ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 11.5 ಪೌಂಡಿನ ಹಾಗೆ 3 ವರ್ಷಕ್ಕೆ ಸ್ಕಾಲರ್‌ಶಿಪ್ ಕೊಟ್ಟರು. ಸುಮ್ಮನೆ ಅಲ್ಲ, ಬಾಂಡ್ ಬರೆಸಿಕೊಂಡರು. ಓದು ಮುಗಿಸಿ ಬಂದು 10 ವರ್ಷ ಬರೋಡ ಸಂಸ್ಥಾನದ ಚಾಕರಿ ಮಾಡಬೇಕು ಅಂತ. ಜುಲೈ ತಿಂಗಳಲ್ಲಿ ಭೀಮರಾವ್ ನ್ಯೂಯಾರ್ಕಿನಲ್ಲಿ ಇಳಿದರು.

ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ಟ್ಲಿ ಹಾಲ್ ಎಂಬ ಹಾಸ್ಟೆಲಿನಲ್ಲಿ ಮೊದಲು ಜಾಗ ಸಿಕ್ಕಿತು. ಅಲ್ಲಿಯ ಊಟ ಹಿಡಿಸಲಿಲ್ಲ. ಒಂದು ವಾರಕ್ಕೇ ಬಿಟ್ಟರು. ನಗಬೇಡಿ. ಹಳ್ಳಿಯಿಂದ ಬಂದು ಮೊದಲನೇ ವಾರ ಹಾಸ್ಟೆಲಿನ ನೀರು ಸಾರು ಕಂಡು ಬಸ್‌ಸ್ಟ್ಯಾಂಡಿನ ದಾರಿ ನೋಡಿದವರು ಇಲ್ಲಿ ಎಷ್ಟು ಜನ ಇಲ್ಲ? ಅಲ್ಲಿಂದ ಕಾಸ್ಮೊಪಾಲಿಟನ್ ಕ್ಲಬ್ ಎಂಬಲ್ಲಿಗೆ ಹೋದರು. ಕೆಲವು ಇಂಡಿಯಾದ ಹುಡುಗರು ಅಲ್ಲಿ ಇದ್ದರು. ಆಮೇಲೆ ಲಿವಿಂಗ್‌ಸ್ಟನ್ ಹಾಲ್ ಎಂಬ ಹಾಸ್ಟೆಲು. ಅಲ್ಲಿ ಜತೆಗೆ ಸಿಕ್ಕವರು ನವಲ್ ಭಥೇನಾ ಎಂಬ ಪಾರ್ಸಿ ತರುಣ. ಆ ಸ್ನೇಹ ಬದುಕಿನ ಕೊನೆತನಕ ಉಳಿಯಿತು.

ಇದನ್ನು ಓದಿ ಸುಮ್ಮನೆ ಮುಂದಕ್ಕೆ ಹೋಗೋಕೆ ನಮ್ಮಿಂದ ಆಗೋದಿಲ್ಲ. ಸಾತಾರದ ಶಾಲೆಗೆ ಗೋಣಿತಟ್ಟು ಹೊತ್ತುಕೊಂಡು ಹೋಗಿ, ಮೂಲೆಯಲ್ಲಿ ಹಾಸಿ ಕೂತ ಹುಡುಗ ಇವರು. ಬಾಯಾರಿದರೆ ನಲ್ಲಿ ಮುಟ್ಟೋ ಹಾಗಿಲ್ಲ. ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಅದೇ ಹುಡುಗ ನ್ಯೂಯಾರ್ಕಿನಲ್ಲಿ ಬೇರೆಯವರ ಜತೆ ಒಂದೇ ಟೇಬಲ್ಲಿಗೆ ಕೂತರು. ಮುಟ್ಟಿದ ಲೋಟವನ್ನು ಯಾರೂ ತೊಳೆದು ಬೋರಲು ಹಾಕಲಿಲ್ಲ. ಯುರೋಪು ಅಮೆರಿಕಗಳಲ್ಲಿ ಕಳೆದ 5 ವರ್ಷ, ತಾನು ಅಸ್ಪೃಶ್ಯ ಎಂಬ ನೆನಪನ್ನೇ ಮನಸ್ಸಿನಿಂದ ಅಳಿಸಿಹಾಕಿತ್ತು ಅಂತ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಪರದೇಶದಲ್ಲಿ ಹೊಂದಿಕೊಳ್ಳೋದು ಅಂದರೆ ಮೇಲ್ಜಾತಿಯವರ ಮಕ್ಕಳಿಗೆ ಚಳಿ, ಬ್ರೆಡ್ಡು, ಅಮ್ಮನ ಕೈಯಡುಗೆಯ ನೆನಪು. ನಮ್ಮವರಿಗೆ ಅದು ಮೊದಲ ಸಲ ಮನುಷ್ಯರ ನಡುವೆ ಮನುಷ್ಯನಾಗಿ ಕೂರೋದು.

ಇಷ್ಟು ಸುಖ ಸಿಕ್ಕಿದಮೇಲೆ ಅಲ್ಲೇ ಮೈಮರೆತು ಇದ್ದುಬಿಡಬಹುದಿತ್ತು. ಇರಲಿಲ್ಲ. ಕಾಲಿಟ್ಟ ಕೆಲವೇ ವಾರಗಳಲ್ಲಿ ತಂದೆಯ ಗೆಳೆಯರೊಬ್ಬರಿಗೆ ಕಾಗದ ಬರೆದರು. ತಂದೆತಾಯಿ ಮಕ್ಕಳಿಗೆ ಜನ್ಮ ಮಾತ್ರ ಕೊಡ್ತಾರೆ, ಹಣೆಬರಹ ಅವರ ಕೈಲಿಲ್ಲ ಎಂಬ ನಂಬಿಕೆ ಬಿಡಿ, ಗಂಡುಮಕ್ಕಳ ಜತೆ ಹೆಣ್ಣುಮಕ್ಕಳನ್ನೂ ಓದಿಸಿ ಎಂಬುದು ಅದರ ತಿರುಳು. ಹೊಸ ಊರಿನ ವರ್ಣನೆ ಬರೆಯೋ ವಯಸ್ಸಿನಲ್ಲಿ ಕೇರಿಯ ಹೆಣ್ಣುಮಕ್ಕಳ ಚಿಂತೆ.

ಮತ್ತೆ ಲೈಬ್ರರಿ. ಎಕನಾಮಿಕ್ಸ್‌ನಲ್ಲಿ 29 ಕೋರ್ಸು, ಹಿಸ್ಟರಿಯಲ್ಲಿ 11, ಸೋಷಿಯಾಲಜಿಯಲ್ಲಿ 6, ಫಿಲಾಸಫಿಯಲ್ಲಿ 5. ಸೆಲಿಗ್‌ಮನ್, ಜಾನ್ ಡ್ಯೂಯಿ ಅಂಥವರ ಪಾಠ. 11.5 ಪೌಂಡಿನಲ್ಲೇ ಊಟ, ಅದರಲ್ಲೇ ಮನೆಗೆ ಕಳಿಸೋದು, ಅದರಲ್ಲೇ ಹಳೇ ಪುಸ್ತಕದಂಗಡಿ. 1915ರಲ್ಲಿ ಎಂ.ಎ. ಆಯಿತು. ಪ್ರಬಂಧದ ವಿಷಯ ಪ್ರಾಚೀನ ಭಾರತದ ವ್ಯಾಪಾರ. 1916ರ ಮೇ ತಿಂಗಳಲ್ಲಿ ಗೋಲ್ಡನ್‌ವೈಸರ್ ಎಂಬ ಪ್ರೊಫೆಸರರ ಸೆಮಿನಾರಿನಲ್ಲಿ ಇಂಡಿಯಾದ ಜಾತಿಗಳು ಹೇಗೆ ಹುಟ್ಟಿದವು, ಹೇಗೆ ಹಬ್ಬಿದವು ಅಂತ ಲೇಖನ ಓದಿದರು. ಒಂದೇ ಜಾತಿಯೊಳಗೆ ಮದುವೆ ಎಂಬ ಬೇಲಿಯೇ ಜಾತಿಯ ಬೇರು ಅಂದರು. ಸತಿ, ವಿಧವೆಯ ಮೇಲಿನ ಕಟ್ಟು, ಬಾಲ್ಯವಿವಾಹ ಎಲ್ಲವೂ ಆ ಬೇಲಿ ಕಾಯೋಕೆ ಹುಟ್ಟಿದ್ದು ಅಂದರು. ಆಗ ವಯಸ್ಸು 25. ಇಲ್ಲಿ ಆಡಲು ಜಾಗವೇ ಇಲ್ಲದ ಮಾತನ್ನು ಆಡಲು ಅಲ್ಲಿ ಒಂದು ಕ್ಲಾಸ್‌ರೂಮು ಸಿಕ್ಕಿತ್ತು.

ಅದೇ ವರ್ಷ ಲಂಡನ್ನಿಗೆ ಹೋದರು. 1917ರಲ್ಲಿ ಸ್ಕಾಲರ್‌ಶಿಪ್ ನಿಂತಿತು, ವಾಪಸ್ ಬರಬೇಕಾಯಿತು. ಸಾಮಾನು ಹೊತ್ತು ಬರುತ್ತಿದ್ದ ಹಡಗು ಯುದ್ಧದಲ್ಲಿ ಟಾರ್ಪೆಡೊ ಬಿದ್ದು ಮುಳುಗಿತು. ಬಾಂಡಿನ ಪ್ರಕಾರ ಬರೋಡಕ್ಕೆ ಹೋದರೆ ಇರೋಕೆ ರೂಮಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಇದ್ದರು. ಗೊತ್ತಾದ ಕೂಡಲೇ ದೊಣ್ಣೆ ಹಿಡಿದು ಹತ್ತಾರು ಜನ ಬಂದು ಹೊರಹಾಕಿದರು. ನೋಡಿ ಗೆಳೆಯರೇ, ನ್ಯೂಯಾರ್ಕಿನಲ್ಲಿ ಜತೆಗಿದ್ದವರೂ ಪಾರ್ಸಿ, ಬರೋಡದಲ್ಲಿ ದೊಣ್ಣೆ ತಂದವರೂ ಪಾರ್ಸಿ. ಈ ನೆಲದಲ್ಲಿ ಯಾವ ಧರ್ಮದವನಾದರೂ ಸರಿ, ಜಾತಿ ಕಲಿತುಬಿಡ್ತಾನೆ.

ಮತ್ತೆ ಲಂಡನ್ನಿಗೆ ಹೋದದ್ದು 1920ರಲ್ಲಿ. ಈ ಸಲ ಮೇಷ್ಟ್ರಾಗಿ ಕೂಡಿಟ್ಟ ದುಡ್ಡು, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಭಥೇನಾ ಕೊಟ್ಟ ಸಾಲ. ಆ ದಿನಗಳು ಹಸಿವಿನ ದಿನಗಳು. ಬೆಳಿಗ್ಗೆ ಒಂದು ತುಂಡು ಬ್ರೆಡ್ಡು, ಚೂರು ಮೀನು. ಹಗಲೆಲ್ಲ ಬ್ರಿಟಿಷ್ ಮ್ಯೂಸಿಯಮ್ ಲೈಬ್ರರಿ. ರಾತ್ರಿ ಹಪ್ಪಳ ಸುಟ್ಟುಕೊಂಡು ಮತ್ತೆ ಓದು. ಸಾಕು ಮಲಗು ಅಂದ ರೂಮಿನ ಗೆಳೆಯನಿಗೆ, ಊಟಕ್ಕೆ ದುಡ್ಡಿಲ್ಲ ನಿದ್ದೆಗೆ ಹೊತ್ತಿಲ್ಲ ಎಂಬರ್ಥದ ಉತ್ತರ ಕೊಟ್ಟರಂತೆ. ಇದನ್ನು ಕೇಳಿ ನಮ್ಮ ಭಾಷಣಕಾರರು ಚಪ್ಪಾಳೆ ಗಿಟ್ಟಿಸ್ತಾರೆ. ನಮಗೆ ಸಿಟ್ಟು ಬರುತ್ತೆ. ಅಂಥ ತಲೆಗೆ ಎರಡು ಹೊತ್ತು ಅನ್ನ ಯಾಕೆ ಇರಲಿಲ್ಲ ಅಂತ. ಇತ್ತ ಮುಂಬಯಿಯಲ್ಲಿ ರಮಾಬಾಯಿ ಪಟ್ಟ ಪಾಡಿಗೆ ಯಾವ ಲೈಬ್ರರಿಯೂ ಲೆಕ್ಕ ಇಟ್ಟಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಪರಿಶಿಷ್ಟರು ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಲ್ಲಿ 'ಪ್ರಬುದ್ಧ' ಎಂಬ ಯೋಜನೆ ಬಂದಿದೆ. ಇವು ಯಾವ ಮಹಾರಾಜನ ದಯೆಯೂ ಅಲ್ಲ, ನಮ್ಮ ಹಕ್ಕು. ಆದರೆ 2022ರಲ್ಲಿ ಕೇಂದ್ರದ ಯೋಜನೆಗೆ ಹೊಸ ನಿಯಮ ಸೇರಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಬಗ್ಗೆ ಸಂಶೋಧನೆ ಮಾಡೋರಿಗೆ ಈ ದುಡ್ಡು ಇಲ್ಲ ಅಂತ. ಇಲ್ಲಿದ್ದುಕೊಂಡೇ ಓದಬಹುದಲ್ಲ ಎಂಬ ಸಮಜಾಯಿಷಿ ಬೇರೆ. ಈ ನಿಯಮದ ಮುಂದೆ 25ರ ಆ ಹುಡುಗನನ್ನು ನಿಲ್ಲಿಸಿ ನೋಡಿ. ಎಂ.ಎ. ಪ್ರಬಂಧಕ್ಕೆ ದುಡ್ಡಿಲ್ಲ. ಜಾತಿ ಲೇಖನಕ್ಕೆ ಮೊದಲೇ ಇಲ್ಲ. ಇಂಜಿನಿಯರಿಂಗ್ ಓದು, ಕಂಪ್ಯೂಟರ್ ಓದು, ನಿನ್ನನ್ನು ತುಳಿದದ್ದು ಯಾರು ಅಂತ ಮಾತ್ರ ಓದಬೇಡ! 2025ರ ಜುಲೈನಲ್ಲಿ ಇದೇ ಯೋಜನೆಗೆ 106 ಜನರನ್ನು ಆರಿಸಿ, ದುಡ್ಡಿನ ನೆಪ ಹೇಳಿ ಮೊದಲು 40 ಜನರಿಗಷ್ಟೇ ಪತ್ರ ಕೊಟ್ಟರು. ಸೀಟು ಸಿಕ್ಕವರು ಮನೆಯಲ್ಲಿ ಕಾದು ಕೂತರು.

ಇನ್ನೊಂದು ಮಾತು. 1913ರಲ್ಲಿ ಆ ಹಾಸ್ಟೆಲಿನ ಬಾಗಿಲಿಗೆ ಜಾತಿ ಬಂದಿರಲಿಲ್ಲ. ಈಗ ಅದು ನಮಗಿಂತ ಮೊದಲೇ ವಿಮಾನ ಹತ್ತಿ ಹೋಗಿ ಕೂತಿದೆ. ರೂಮು ಹುಡುಕೋ ಹೊತ್ತಿಗೆ 'ನಿಮ್ಮದು ಯಾವ ಕಡೆ? ಮನೆದೇವರು ಯಾವುದು? ನೀವು ವೆಜ್ಜಾ?' ಅಂತ ನಯವಾಗಿ ಶುರುವಾಗುತ್ತೆ. ಆದರೆ ನಮ್ಮವರು ಸುಮ್ಮನೆ ಕೂತಿಲ್ಲ. 2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದವು. ಕ್ಯಾಲಿಫೋರ್ನಿಯಾದ ಶಾಸನಸಭೆ ಪಾಸು ಮಾಡಿದ ಮಸೂದೆಗೆ ಮಾತ್ರ 2023ರ ಅಕ್ಟೋಬರಿನಲ್ಲಿ ಅಲ್ಲಿಯ ಗವರ್ನರ್ ಸಹಿ ಹಾಕಲಿಲ್ಲ. ಹೋಗೋರು ಇದನ್ನೆಲ್ಲ ತಿಳಿದೇ ಹೋಗಬೇಕು. ಹೋದಮೇಲೆ ಯಾರಾದರೂ ಹೆಸರಿನ ಹಿಂದಿನ ಹೆಸರು ಕೇಳಿದರೆ ತಡವರಿಸಬೇಕಾಗಿಲ್ಲ, ನಮ್ಮ ಕೇರಿಯ ಹೆಸರನ್ನೇ ಹೇಳಿ.

ಇಂಗ್ಲಿಷಿನ ಭಯ ಇದೆ ಅಂತ ಗೊತ್ತು. ಪಾಸ್‌ಪೋರ್ಟಿಗೆ ಯಾರನ್ನು ಕೇಳಬೇಕು ಅಂತಾನೂ ಗೊತ್ತಿಲ್ಲದವರು ಬಹಳ ಜನ ಇದ್ದೀರಿ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಮೂರನ್ನೂ ಟ್ರಂಕಿನ ತಳದಿಂದ ತೆಗೆದಿಡಿ. ಡಿಗ್ರಿ ಕೊನೇ ವರ್ಷದವರು ಸಭೆ ಮುಗಿದ ಮೇಲೆ ಹಿಂದಿನ ಬೆಂಚಿನ ಹತ್ತಿರ ನಿಲ್ಲಿ. ಅರ್ಜಿಯ ನಮೂನೆ ತಂದಿದ್ದೀವಿ, ಕೂತು ಓದೋಣ.