ಮಾತ್ರೆ ಸ್ಟ್ರಿಪ್ ಮೇಲಿನ ಕೆಂಪು ಗೆರೆ

ಇವತ್ತು ನನ್ನದೇ ಒಂದು ಪೆದ್ದುತನದಿಂದ ಶುರು ಮಾಡ್ತೀನಿ.

ಹೋದ ವರ್ಷ ಒಣಕೆಮ್ಮು ಹಿಡ್ಕೊಂಡಿತ್ತು. ರೂಮ್‌ಮೇಟ್ ಹತ್ರ ಅಮಾಕ್ಸಿಸಿಲಿನ್ ಮಾತ್ರೆ ಉಳಿದಿತ್ತು. 'ತಗೋ ಮಗಾ, ನಂಗೆ ಎರಡೇ ದಿನಕ್ಕೆ ವಾಸಿಯಾಯ್ತು' ಅಂದ. ಮೂರು ದಿನ ನುಂಗಿದೆ. ಕೆಮ್ಮು ಜಗ್ಗಲಿಲ್ಲ. ಎರಡನೇ ವಾರ ಮೆಟ್ಟಿಲು ಹತ್ತಿದ್ರೆ ಏದುಸಿರು. ಕೊನೆಗೆ ಡಾಕ್ಟರ್ ಪರೀಕ್ಷೆ ಮಾಡಿಸಿ ಹೇಳಿದ್ರು: ಇದು ಮೈಕೋಪ್ಲಾಸ್ಮಾ ನ್ಯುಮೋನಿಯಾ.

ಹಾಗಾದ್ರೆ ಆ ಮಾತ್ರೆ ಯಾಕೆ ಕೆಲಸ ಮಾಡ್ಲಿಲ್ಲ? ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಸುತ್ತಲೂ ಒಂದು ಗಟ್ಟಿ ಕೋಶಗೋಡೆ ಇರುತ್ತೆ. ಪೆನ್ಸಿಲಿನ್, ಅಮಾಕ್ಸಿಸಿಲಿನ್ ಆ ಗೋಡೆ ಕಟ್ಟೋದನ್ನೇ ತಡೆಯುತ್ತವೆ. ಗೋಡೆ ಇಲ್ಲದೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತೆ. ಆದರೆ ಮೈಕೋಪ್ಲಾಸ್ಮಾಗೆ ಗೋಡೆಯೇ ಇಲ್ಲ! ಇಲ್ಲದ ಗೋಡೆಯನ್ನ ಕೆಡವೋದು ಹೇಗೆ? ಅದಕ್ಕೆ ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಬೇರೆ ಔಷಧ ಬೇಕು. ಅವು ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸೋದನ್ನ ನಿಲ್ಲಿಸುತ್ತವೆ.

ಇನ್ನು ಮಾಮೂಲಿ ನೆಗಡಿ, ಫ್ಲೂ ವೈರಸ್‌ನಿಂದ ಬರೋದು. ವೈರಸ್ ಮೇಲೆ ಯಾವ ಆ್ಯಂಟಿಬಯೋಟಿಕ್ಕೂ ನಡೆಯಲ್ಲ. ನಮ್ಮ ರೂಮ್‌ಮೇಟ್‌ಗೆ ಎರಡು ದಿನಕ್ಕೆ ವಾಸಿಯಾಗಿದ್ದು ಬಹುಶಃ ತಾನಾಗೇ!

ತಪ್ಪು ಮಾತ್ರೆ ನುಂಗಿದ್ರೆ ದುಡ್ಡಷ್ಟೇ ದಂಡ ಅಂದ್ಕೋಬೇಡಿ. ನಮ್ಮ ಗಂಟಲಲ್ಲಿ, ಕರುಳಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ವಾಸ ಮಾಡ್ತವೆ. ಔಷಧ ಬಿದ್ದಾಗ ದುರ್ಬಲವಾದವು ಸಾಯ್ತವೆ, ತಡೆದುಕೊಂಡವು ಉಳಿದು ಬೆಳೀತವೆ. ನಾಳೆ ನಿಜವಾಗಿ ಜೀವಕ್ಕೆ ಅಪಾಯ ಬಂದಾಗ ಅದೇ ಔಷಧ ಕೈಕೊಡಬಹುದು. ಬರೀ ನಮಗಲ್ಲ, ಆ ಬ್ಯಾಕ್ಟೀರಿಯಾ ಮನೆಯಲ್ಲಿರೋ ಅಜ್ಜಿಗೂ ಹರಡಬಹುದು. 1928ರಲ್ಲಿ ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ರು.

ಈಗ ಒಂದು ಕೆಲಸ ಮಾಡಿ. ಮನೆಯ ಔಷಧಿ ಡಬ್ಬಿ ತೆಗೆದು ಸ್ಟ್ರಿಪ್‌ಗಳನ್ನ ನೋಡಿ. ಕೆಲವದರ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತೆ. ಡಾಕ್ಟರ್ ಚೀಟಿ ಇಲ್ಲದೆ ತಗೋಬಾರದು ಅಂತ ಅದರರ್ಥ. ಈ ಗೆರೆ ಬಗ್ಗೆ ಜನರಿಗೆ ತಿಳಿಸೋಕೆ 2016ರಲ್ಲಿ ಕೇಂದ್ರ ಸರ್ಕಾರ ಅಭಿಯಾನವನ್ನೇ ಶುರು ಮಾಡಿತ್ತು.

ಉಸಿರಾಟ ಕಷ್ಟವಾದ್ರೆ, ಎದೆ ನೋವು ಬಂದ್ರೆ, ಕಫದಲ್ಲಿ ರಕ್ತ ಕಂಡ್ರೆ ತಡ ಮಾಡ್ಬೇಡಿ, ಆಸ್ಪತ್ರೆಗೆ ಹೋಗಿ. ಕೆಮ್ಮು ಎರಡು ವಾರ ದಾಟಿದ್ರೆ ಕ್ಷಯದ ಪರೀಕ್ಷೆಯನ್ನೂ ಮಾಡಿಸ್ಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಡಾಕ್ಟರ್ ಬರೆದುಕೊಟ್ಟ ಕೋರ್ಸನ್ನ ಅರ್ಧಕ್ಕೆ ಬಿಡ್ಬೇಡಿ.

ಗೆಳೆಯರ ಜೊತೆ ಚಾರ್ಜರ್ ಹಂಚ್ಕೊಳ್ಳಿ, ಚಿಪ್ಸ್ ಹಂಚ್ಕೊಳ್ಳಿ. ಆ್ಯಂಟಿಬಯೋಟಿಕ್ ಮಾತ್ರ ಬೇಡ. ಮುಂದಿನ ವಾರ ಸಿಗೋಣ.