ಕೋಳಿ, ಗಿನಿ ಕೋಳಿ ಮತ್ತು ಸಂಜೆಯ ಬಾಗಿಲು



ಈ ವೇದಿಕೆಯಿಂದ ಸಾಮಾನ್ಯವಾಗಿ ಸಾಹಿತ್ಯ, ಸಂಗೀತ, ಅಧ್ಯಾತ್ಮಗಳನ್ನು ಕುರಿತ ಉಪನ್ಯಾಸಗಳು ನಡೆಯುತ್ತವೆ. ಅಂಥ ಸ್ಥಳಕ್ಕೆ ಕೋಳಿಗೂಡಿನಿಂದ ನೇರವಾಗಿ ಎದ್ದು ಬಂದ ನಮ್ಮಿಬ್ಬರನ್ನು ಕರೆದಿರುವುದು ಕೂಟದ ಔದಾರ್ಯವೇ ಸರಿ. ನಾವು ಪಶುವೈದ್ಯರಲ್ಲ, ಪಕ್ಷಿಶಾಸ್ತ್ರಜ್ಞರೂ ಅಲ್ಲ. ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ ಐದು ಎಕರೆ ನೆಲದ ಮೇಲೆ ಮನೆ ಮಾಡಿಕೊಂಡು, ಇಪ್ಪತ್ತು ಕೋಳಿಗಳನ್ನೂ ಹತ್ತು ಹನ್ನೆರಡು ಗಿನಿ ಕೋಳಿಗಳನ್ನೂ ಸಾಕಿಕೊಂಡು ಬಂದಿರುವ ದಂಪತಿಗಳು ಮಾತ್ರ. ಆದುದರಿಂದ ಇಲ್ಲಿ ಆಡುವ ಮಾತುಗಳಲ್ಲಿ ಪಾಂಡಿತ್ಯಕ್ಕಿಂತ ಅನುಭವವೇ ಹೆಚ್ಚು.

2025ರ ಮಾರ್ಚಿಯಲ್ಲಿ ಈ ದೇಶದಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ ಆರು ಡಾಲರನ್ನು ದಾಟಿದಾಗ, ನಮ್ಮ ಪರಿಚಯದ ಅನೇಕ ಕನ್ನಡ ಕುಟುಂಬಗಳಿಂದ ದೂರವಾಣಿ ಕರೆಗಳು ಬಂದವು. ಎಲ್ಲರ ಪ್ರಶ್ನೆಯೂ ಒಂದೇ: "ನಾವೂ ನಾಲ್ಕು ಕೋಳಿ ಸಾಕಬಹುದೆ?" ಸಾಕಬಹುದು ಎಂಬುದು ನಮ್ಮ ಉತ್ತರ. ಆದರೆ ಮೊಟ್ಟೆಯ ಬೆಲೆಯನ್ನು ಲೆಕ್ಕ ಹಾಕಿ ಸಾಕುವುದು ಬೇಡ. ಕೋಳಿಯನ್ನು ಮನೆಗೆ ತರುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಬೇಕು. ಸಂಜೆ ಬಾಗಿಲು ಮುಚ್ಚುವವರು ಯಾರು? ಹುಂಜಗಳಿಗೆ ಏನು ಗತಿ? ಮೊಟ್ಟೆ ನಿಲ್ಲಿಸಿದ ಹೇಂಟೆಗೆ ಏನು ಗತಿ? ಇಂದು ಈ ಮೂರನ್ನೇ ತಮ್ಮ ಮುಂದಿಡಲು ಬಯಸುತ್ತೇವೆ.

ಅದಕ್ಕೆ ಮುನ್ನ ಈ ಎರಡು ಹಕ್ಕಿಗಳ ಪರಿಚಯ ಅಗತ್ಯ. ಲೋಕದ ಸಾಕುಕೋಳಿಗಳೆಲ್ಲಕ್ಕೂ ಮೂಲ ಪುರುಷ ಏಷ್ಯಾದ ಕೆಂಪು ಕಾಡುಕೋಳಿ. ಆಗ್ನೇಯ ಏಷ್ಯಾದಲ್ಲಿ ಭತ್ತ ಮತ್ತು ಕಿರುಧಾನ್ಯಗಳ ಬೇಸಾಯ ಹರಡಿದಾಗ, ಚೆಲ್ಲಿದ ಕಾಳನ್ನು ಹುಡುಕಿಕೊಂಡು ಅದು ಮನುಷ್ಯನ ಅಂಗಳಕ್ಕೆ ಇಳಿಯಿತೆಂದು 2022ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ನಮಗೆ ಇದಕ್ಕಿಂತಲೂ ಹೆಚ್ಚು ಸಂತೋಷ ಕೊಟ್ಟ ಸಂಗತಿ ಇನ್ನೊಂದಿದೆ. ಸಾಕುಕೋಳಿಯ ಹಳದಿ ಚರ್ಮಕ್ಕೂ ಹಳದಿ ಕಾಲಿಗೂ ಕಾರಣವಾದ ಅಂಶವು ಕೆಂಪು ಕಾಡುಕೋಳಿಯದಲ್ಲ, ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ ಬಂದುದು ಎಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿದರು. ಈ ಬೂದು ಕಾಡುಕೋಳಿ ಭಾರತದ್ದೇ ಹಕ್ಕಿ; ಮಲೆನಾಡಿನಲ್ಲಿ, ಕೊಡಗಿನಲ್ಲಿ ಬೆಳೆದವರು ಬೆಳಗಿನ ಮಂಜಿನಲ್ಲಿ ಅದರ ಕೂಗನ್ನು ಕೇಳಿಯೇ ಇರುತ್ತಾರೆ. ನಮ್ಮ ಅಂಗಳದಲ್ಲಿ ಓಡಾಡುವ ರೋಡ್ ಐಲೆಂಡ್ ರೆಡ್ ಎಂಬ ಅಪ್ಪಟ ಅಮೆರಿಕನ್ ತಳಿಯ ಹೇಂಟೆಯ ಹಳದಿ ಕಾಲನ್ನು ಕಂಡಾಗಲೆಲ್ಲ, ಸಹ್ಯಾದ್ರಿಯ ನೆನಪು ನಮಗಿಂತ ಮೊದಲೇ ಸಮುದ್ರ ದಾಟಿ ಬಂದಿದೆಯಲ್ಲ ಎನಿಸುತ್ತದೆ.

ಗಿನಿ ಕೋಳಿಯ ತವರು ಆಫ್ರಿಕ. ಸಹಾರಾ ಮರುಭೂಮಿಯ ದಕ್ಷಿಣದ ಹುಲ್ಲುಗಾವಲು ಮತ್ತು ಕುರುಚಲು ಕಾಡು. ಬೂದು ಮೈಮೇಲೆ ರಂಗೋಲಿಗೆ ಚುಕ್ಕಿ ಇಟ್ಟಂತೆ ಸಾಲುಸಾಲು ಬಿಳಿಯ ಬೊಟ್ಟುಗಳು. ಗರಿಯಿಲ್ಲದ ಬೋಳು ತಲೆಯ ಮೇಲೆ ಮೂಳೆಯ ಕಿರೀಟ. ಗಂಡು ಹೆಣ್ಣುಗಳನ್ನು ನೋಟದಿಂದ ಗುರುತಿಸುವುದು ಕಷ್ಟ, ಧ್ವನಿಯಿಂದ ಸುಲಭ. ಎರಡು ಸ್ವರದ ಕೂಗು ಹೆಣ್ಣಿನದು ಮಾತ್ರ. ಗಂಡಿಗೆ ಒಂದೇ ಸ್ವರ. ಮನುಷ್ಯನೊಡನೆ ಸಾವಿರಾರು ವರ್ಷ ಬಾಳಿದರೂ ಈ ಹಕ್ಕಿ ಅರ್ಧ ಕಾಡನ್ನು ತನ್ನೊಳಗೇ ಉಳಿಸಿಕೊಂಡಿದೆ.

ಇಲ್ಲಿ ಕೋಳಿ ಸಾಕಣೆ ಆರಂಭವಾಗುವುದು ಬಹುಪಾಲು ಅಂಚೆ ಕಚೇರಿಯಲ್ಲಿ. ತಮ್ಮಲ್ಲಿ ಕೆಲವರಿಗೆ ಇದು ವಿಚಿತ್ರವೆನಿಸಬಹುದು. 1918ರಿಂದಲೂ ಅಮೆರಿಕದ ಅಂಚೆ ಇಲಾಖೆ ಒಂದು ದಿನದ ಕೋಳಿಮರಿಗಳನ್ನು ಸಾಗಿಸುತ್ತ ಬಂದಿದೆ. ಮೊಟ್ಟೆಯೊಡೆಯುವ ಮುನ್ನ ಮರಿಯು ಉಳಿದ ಹಳದಿ ಭಾಗವನ್ನು ತನ್ನ ಹೊಟ್ಟೆಯೊಳಗೆ ಸೆಳೆದುಕೊಳ್ಳುತ್ತದೆ. ಆ ಬುತ್ತಿಯ ಬಲದಿಂದ ಎರಡು ಮೂರು ದಿನ ಕಾಳುನೀರಿಲ್ಲದೆ ಬದುಕಬಲ್ಲದು. ಮನೆಗೆ ಬಂದ ಮರಿಗಳಿಗೆ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕು; ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತ ಹೋಗಬೇಕು. ಗಿನಿ ಮರಿಗಳು ಇನ್ನೂ ಸೂಕ್ಷ್ಮ. ನೀರಿನ ತಟ್ಟೆಯಲ್ಲಿ ಗೋಲಿ ಅಥವಾ ಬೆಣಚುಕಲ್ಲು ಹಾಕದಿದ್ದರೆ ಅದರಲ್ಲೇ ಬಿದ್ದು ಮುಳುಗುತ್ತವೆ. ಬೆಳಗಿನ ಇಬ್ಬನಿಯಲ್ಲಿ ನೆನೆದರೆ ಚಳಿ ಹಿಡಿದು ಸಾಯುತ್ತವೆ. ಅದೇ ಮರಿ ಬೆಳೆದು ನಿಂತ ಮೇಲೆ ಮಾತ್ರ ಅದರಷ್ಟು ಗಟ್ಟಿಯಾದ ಹಕ್ಕಿ ಇನ್ನೊಂದಿಲ್ಲ.

ಈಗ ಮೊದಲನೆಯ ಪ್ರಶ್ನೆ. ನಮ್ಮ ಊರುಗಳಲ್ಲಿ ಅಜ್ಜಿಯರು ಸೂರ್ಯ ಮುಳುಗುವ ಹೊತ್ತಿಗೆ "ಬಾ ಬಾ" ಎಂದು ಕರೆದು, ಕೋಳಿಗಳನ್ನು ಮಂಕರಿಯ ಕೆಳಗೆ ಕವುಚಿ, ಮೇಲೊಂದು ಕಲ್ಲು ಹೇರುತ್ತಿದ್ದರು. ಅಲ್ಲಿ ಹೆದರಿಕೆ ಕಾಡುಬೆಕ್ಕು ಮುಂಗುಸಿಗಳದು. ಇಲ್ಲಿ ನರಿ, ಗೂಬೆ, ಎಲ್ಲಕ್ಕಿಂತ ಹೆಚ್ಚಾಗಿ ರಕೂನ್. ರಕೂನಿಗೆ ಮನುಷ್ಯನಂಥ ಕೈಬೆರಳುಗಳಿವೆ. ಸಾಧಾರಣ ಚಿಲಕವನ್ನು ಅದು ತೆಗೆಯಬಲ್ಲದು. ಅಂಗಡಿಯಲ್ಲಿ ಕೋಳಿಯ ಹೆಸರಿನಲ್ಲೇ ಮಾರುವ ತೆಳು ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ರಕೂನನ್ನು ಹೊರಗಿಡುವುದಿಲ್ಲ. ಅರ್ಧ ಅಂಗುಲದ ಕಣ್ಣುಳ್ಳ ಗಟ್ಟಿ ತಂತಿಯ ಜಾಲರಿಯೇ ಬೇಕು. ಗೂಡು ಎಷ್ಟು ಭದ್ರವಾಗಿದ್ದರೂ ಬಾಗಿಲು ತೆರೆದಿದ್ದರೆ ವ್ಯರ್ಥ.

ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದು. ಆದುದರಿಂದ ಅದು ತಾನಾಗಿಯೇ ಗೂಡಿಗೆ ಮರಳುತ್ತದೆ. ನಮ್ಮ ಪಾಲಿನ ಕೆಲಸ ತಲೆ ಎಣಿಸಿ ಬಾಗಿಲು ಮುಚ್ಚುವುದು ಮಾತ್ರ. ಎರಡು ನಿಮಿಷದ ಕೆಲಸ. ಆದರೆ ಅದು ವರ್ಷಕ್ಕೆ 365 ಸಂಜೆಯ ಕೆಲಸ. ಹುಟ್ಟುಹಬ್ಬದ ಔತಣವಿದ್ದ ಶನಿವಾರವೂ ಬಾಗಿಲು ಮುಚ್ಚಬೇಕು; ಜನವರಿಯ ಹಿಮದಲ್ಲೂ ಮುಚ್ಚಬೇಕು. ನಾವು ಎರಡು ವರ್ಷಕ್ಕೊಮ್ಮೆ ಆರು ವಾರಗಳ ಮಟ್ಟಿಗೆ ಊರಿಗೆ ಹೋಗುತ್ತೇವೆ. ಆಗ ಯಾರು ಮುಚ್ಚಬೇಕು? ಬೆಳಕಿನ ಸುಳಿವಿನಿಂದ ತಾನೇ ತೆರೆದು ಮುಚ್ಚುವ ಯಂತ್ರದ ಬಾಗಿಲುಗಳು ಈಗ ದೊರೆಯುತ್ತವೆ, ನಿಜ. ಆದರೆ ಯಂತ್ರ ತಲೆ ಎಣಿಸುವುದಿಲ್ಲ. ಹೊರಗುಳಿದ ಕುಂಟು ಹೇಂಟೆಯನ್ನು ಎತ್ತಿ ಒಳಗಿಡುವುದಿಲ್ಲ. ನಮ್ಮ ಪಕ್ಕದ ಜಮೀನಿನ ವೃದ್ಧ ದಂಪತಿಗಳೇ ನಮಗೆ ಆಧಾರ. ವಾರವಾರವೂ ಅವರ ಮನೆಗೆ ಮೊಟ್ಟೆ ಹೋಗುತ್ತದೆ. ನಾವಿಲ್ಲದಾಗ ಅವರು ಬರುತ್ತಾರೆ. ಹತ್ತು ವರ್ಷ ಬರಿಯ ಕೈಬೀಸುವಿಕೆಯಲ್ಲೇ ನಿಂತಿದ್ದ ನೆರೆಹೊರೆ ಕೋಳಿಗಳಿಂದಾಗಿ ಸ್ನೇಹವಾಯಿತು. ಅಂಥ ನೆರೆಯವರಿಲ್ಲದಿದ್ದರೆ ಕೋಳಿ ತರುವ ಮುನ್ನ ಅವರನ್ನು ಸಂಪಾದಿಸಿಕೊಳ್ಳಿರೆಂದು ನಮ್ಮ ವಿನಂತಿ.

ಎರಡನೆಯ ಪ್ರಶ್ನೆ ಹೆಚ್ಚು ಕಠಿಣವಾದುದು. ಈ ಸಭೆಯಲ್ಲಿ ಸಸ್ಯಾಹಾರಿಗಳೂ ಇದ್ದಾರೆ, ಮಾಂಸಾಹಾರಿಗಳೂ ಇದ್ದಾರೆ. ನಾವು ಮಾಂಸ ತಿನ್ನುವವರಲ್ಲ, ಮೊಟ್ಟೆ ತಿನ್ನುತ್ತೇವೆ. ನಮ್ಮಂಥವರು ಮನೆಯ ಕೋಳಿಯ ಮೊಟ್ಟೆ ಹಿಂಸೆಯಿಲ್ಲದ ಆಹಾರವೆಂದು ಸಮಾಧಾನ ಪಡುವುದುಂಟು. ಆದರೆ ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಗಂಡು. ಮೊಟ್ಟೆಗೆಂದೇ ಬೆಳೆಸಿದ ತಳಿಯ ಹುಂಜ ಮೊಟ್ಟೆಯಿಡದು, ಮಾಂಸಕ್ಕೂ ಲಾಭದಾಯಕವಲ್ಲ; ಹಾಗಾಗಿ ದೊಡ್ಡ ಹ್ಯಾಚರಿಗಳಲ್ಲಿ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವ ರೂಢಿಯಿದೆ. ಜರ್ಮನಿ 2022ರ ಜನವರಿ 1ರಿಂದ ಇದನ್ನು ಕಾನೂನಿನಿಂದಲೇ ನಿಷೇಧಿಸಿತು. ಅಂಚೆಯಲ್ಲಿ ಹೆಣ್ಣು ಮರಿಗಳನ್ನಷ್ಟೇ ತರಿಸಿಕೊಳ್ಳುವವರು ಅವುಗಳ ಸೋದರರ ಗತಿಯನ್ನು ಕಣ್ಣಾರೆ ಕಾಣುವುದಿಲ್ಲ, ಅಷ್ಟೆ.

ನಾವು ಈಗ ಹೇಂಟೆಯಿಂದಲೇ ಕಾವು ಕೂರಿಸಿ ಮರಿ ಮಾಡಿಸುತ್ತೇವೆ. ಹುಂಜಗಳೂ ಹುಟ್ಟುತ್ತವೆ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹೆಚ್ಚಾದರೆ ತಮ್ಮೊಳಗೆ ಕಾದಾಡುತ್ತವೆ, ಹೇಂಟೆಗಳ ಬೆನ್ನಿನ ಗರಿ ಕಿತ್ತುಹೋಗುತ್ತದೆ. ಉಳಿದವುಗಳನ್ನು ಒಬ್ಬ ರೈತರು ಒಯ್ಯುತ್ತಾರೆ. ಅವರು ಒಯ್ಯುವುದು ಅಡುಗೆಗೇ ಎಂಬುದು ನಮಗೆ ಗೊತ್ತು, ನಮ್ಮ ಮಕ್ಕಳಿಗೂ ಗೊತ್ತು. "ದೂರದ ಫಾರಂನಲ್ಲಿ ಸುಖವಾಗಿವೆ" ಎಂಬ ಕಟ್ಟುಕಥೆಯನ್ನು ನಾವು ಹೇಳಲಿಲ್ಲ. ಆ ಆರು ತಿಂಗಳು ಹುಂಜ ಬಿಸಿಲು ಕಂಡಿರುತ್ತದೆ, ಮಣ್ಣಿನಲ್ಲಿ ಹೊರಳಾಡಿರುತ್ತದೆ, ಕೂಗಿರುತ್ತದೆ. ಇದು ಸಮರ್ಥನೆಯಲ್ಲ, ಮೊಟ್ಟೆ ತಿನ್ನುವವರು ತಿಳಿದು ತಿನ್ನಬೇಕೆಂಬುದಷ್ಟೇ ನಮ್ಮ ನಿಲುವು.

ಮೂರನೆಯದು ಮುದಿ ಹೇಂಟೆಯ ಪ್ರಶ್ನೆ. ಒಳ್ಳೆಯ ತಳಿಯ ಹೇಂಟೆ ಮೊದಲ ವರ್ಷ 250ರ ಆಸುಪಾಸು ಮೊಟ್ಟೆಯಿಡಬಹುದು. ಎರಡು ವರ್ಷದ ನಂತರ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಆಯುಷ್ಯ ಮಾತ್ರ ಆರೆಂಟು ವರ್ಷ. ಶರತ್ಕಾಲದಲ್ಲಿ ಗರಿ ಉದುರುವಾಗಲೂ, ಹಗಲು ಚಿಕ್ಕದಾಗುವ ಚಳಿಗಾಲದಲ್ಲೂ ಮೊಟ್ಟೆ ನಿಲ್ಲುತ್ತದೆ. ಆದರೆ ದಿನಕ್ಕೆ ಸುಮಾರು 110 ಗ್ರಾಂ ಆಹಾರ ನಿಲ್ಲುವುದಿಲ್ಲ. ಊರಿನಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ನೆಂಟರು ಬಂದರೆ, ಮಾರಿಹಬ್ಬ ಬಂದರೆ, ನಾಟಿ ಕೋಳಿ ಸಾರಿಗೂ ಮುದ್ದೆಗೂ ಉತ್ತರ ಸಿದ್ಧವಿರುತ್ತಿತ್ತು. ಅದು ಒಂದು ಪ್ರಾಮಾಣಿಕ ವ್ಯವಸ್ಥೆ. ಅದನ್ನು ಒಪ್ಪದವರು ಇನ್ನೊಂದು ವ್ಯವಸ್ಥೆಯನ್ನು ಅಷ್ಟೇ ಪ್ರಾಮಾಣಿಕವಾಗಿ ಒಪ್ಪಬೇಕಾಗುತ್ತದೆ: ಮೊಟ್ಟೆಯಿಡದ ಹೇಂಟೆಯನ್ನೂ ಕೊನೆಯವರೆಗೆ ಸಾಕುವುದು. ನಮ್ಮ ಗೂಡಿನಲ್ಲಿ ಈಗ ಅಂಥ ಏಳು ಪಿಂಚಣಿದಾರರಿದ್ದಾರೆ. ಮೊಟ್ಟೆಗೆ ತಗಲುವ ನಿಜವಾದ ಖರ್ಚನ್ನು ಲೆಕ್ಕ ಹಾಕುವಾಗ ಅವರನ್ನೂ ಸೇರಿಸಬೇಕು. ಹಾಗೆ ಸೇರಿಸಿದರೆ ಅಂಗಡಿಯ ಮೊಟ್ಟೆಯೇ ಅಗ್ಗ.

ಇನ್ನು ಗಿನಿ ಕೋಳಿಯ ಪ್ರಸಂಗ. ನಾವು ಅದನ್ನು ತಂದುದು ಉಣುಗು ಅಥವಾ ಉಣ್ಣಿಯ ಕಾಟಕ್ಕಾಗಿ. ಮಲೆನಾಡಿನವರಿಗೆ ಉಣುಗಿನ ಭಯವನ್ನು ವಿವರಿಸಬೇಕಾಗಿಲ್ಲ. 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಅದರಿಂದಲೇ ಹರಡುವುದು. ಇಲ್ಲಿಯ ಉಣುಗು ಲೈಮ್ ರೋಗವನ್ನು ತರುತ್ತದೆ. ಗಿನಿ ಕೋಳಿಗಳು ಓಡಾಡುವ ಹುಲ್ಲಿನಲ್ಲಿ ಬೆಳೆದ ಉಣುಗುಗಳು ಕಡಿಮೆಯಾದುದನ್ನು ಲಾಂಗ್ ಐಲೆಂಡಿನ 1992ರ ಅಧ್ಯಯನವೊಂದು ಕಂಡಿತು. ಆದರೆ ರೋಗವನ್ನು ಹೆಚ್ಚಾಗಿ ಹರಡುವ ಎಳೆಯ ಉಣುಗುಗಳು ಅಷ್ಟಾಗಿ ಕಡಿಮೆಯಾಗುವುದಿಲ್ಲವೆಂದು ಅನಂತರದ ಅಧ್ಯಯನ ತಿಳಿಸಿತು. ಹಾಗಾಗಿ ಗಿನಿ ಕೋಳಿಯಿದೆಯೆಂದು ಮಕ್ಕಳ ಕಾಲು ಪರೀಕ್ಷಿಸುವುದನ್ನು ಬಿಡಬೇಡಿ. ತೋಟಕ್ಕೆ ಮಾತ್ರ ಅದು ಉಪಕಾರಿ. ಕೋಳಿ ಮೆಂತ್ಯದ ಮಡಿಯನ್ನು ಐದೇ ನಿಮಿಷದಲ್ಲಿ ಕೆದರಿ ಹಾಕುತ್ತದೆ. ಗಿನಿ ಕೋಳಿ ಅಷ್ಟು ಕೆದರುವುದಿಲ್ಲ, ಹುಳುಗಳನ್ನು ಆರಿಸಿ ತಿನ್ನುತ್ತದೆ. ಗದ್ದಲ ಮಾತ್ರ ಅಸಾಧಾರಣ. ಗಿಡುಗ ಬಂದರೂ ಕೂಗು, ಹಾವು ಬಂದರೂ ಕೂಗು, ದಿನವೂ ಬರುವ ಅಂಚೆಯವನನ್ನು ಕಂಡರೂ ಕೂಗು. ಒತ್ತೊತ್ತಾಗಿ ಮನೆಗಳಿರುವ ಬಡಾವಣೆಗೆ ಅದು ತಕ್ಕುದಲ್ಲ.

ಅದರ ದೊಡ್ಡ ದೋಷವೆಂದರೆ ಸಂಜೆ ಗೂಡಿಗೆ ಬಾರದಿರುವುದು. ಮರದ ಕೊಂಬೆಯೇ ಅದಕ್ಕೆ ಪ್ರಿಯ. ಕೊಂಬಿನ ಗೂಬೆಗೆ ಅದೇ ಔತಣ. ಬರಗಿನ ಕಾಳು ತೋರಿಸಿ ಕರೆದರೂ ಕೆಲವು ಬಾರವು. ಒಂದು ಚಳಿಗಾಲದಲ್ಲಿ ಹದಿನಾಲ್ಕರಲ್ಲಿ ಆರನ್ನು ಕಳೆದುಕೊಂಡೆವು. ಮುಂದಿನ ವಸಂತದಲ್ಲಿ, ಹಳೆಯ ರೈತರು ಹೇಳಿದಂತೆ, ಕಾವಿಗೆ ಕೂತ ಹೇಂಟೆಯೊಂದರ ಅಡಿಯಲ್ಲಿ ಗಿನಿ ಮೊಟ್ಟೆಗಳನ್ನು ಇಟ್ಟೆವು. ಕೋಳಿಮೊಟ್ಟೆಗೆ 21 ದಿನ, ಗಿನಿ ಮೊಟ್ಟೆಗೆ 26ರಿಂದ 28 ದಿನ. ಹೇಂಟೆ ದಿನ ಎಣಿಸಲಿಲ್ಲ. ಅರೆಹೊಟ್ಟೆಯಲ್ಲಿ ಇನ್ನೊಂದು ವಾರ ಕೂತೇ ಇತ್ತು. ಒಡೆದು ಬಂದ ಚುಕ್ಕಿಮರಿಗಳನ್ನು ತನ್ನವೆಂದೇ ಬಗೆದು, ಕಾಳು ತೋರಿಸಿ, ಇಬ್ಬನಿಯಿಂದ ರೆಕ್ಕೆಯಡಿ ಕಾಪಾಡಿ, ಪ್ರತಿ ಸಂಜೆ ಗೂಡಿಗೆ ಕರೆತಂದಿತು. ಆ ಮರಿಗಳು ಬೆಳೆದು ತಾಯಿಗಿಂತ ದೊಡ್ಡ ಧ್ವನಿಯಲ್ಲಿ ತಮ್ಮದೇ ಆಫ್ರಿಕದ ಭಾಷೆಯಲ್ಲಿ ಕೂಗುತ್ತವೆ. ಹಗಲೆಲ್ಲ ದೂರದ ಹೊಲಗಳಲ್ಲಿ ಅಲೆಯುತ್ತವೆ. ಆದರೆ ಕತ್ತಲಾಗುವ ಮುನ್ನ ಗೂಡಿಗೆ ಬರುತ್ತವೆ. ಅವುಗಳಿಗೆ ಅದನ್ನು ಯಾರೂ ಬೋಧಿಸಲಿಲ್ಲ. ದಿನವೂ ಒಬ್ಬರ ಹಿಂದೆ ನಡೆದು ಬಂದುದರಿಂದ ಅಭ್ಯಾಸವಾಯಿತು. ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮೆಲ್ಲರಿಗೂ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗದು.

ಕೊನೆಯದಾಗಿ ಕೆಲವು ವ್ಯಾವಹಾರಿಕ ಸೂಚನೆಗಳು. ತಮ್ಮ ಊರಿನ ಕಾನೂನನ್ನು ಮೊದಲು ವಿಚಾರಿಸಿ. ಅನೇಕ ಕಡೆ ಹೇಂಟೆಗೆ ಅನುಮತಿಯಿದ್ದರೂ ಹುಂಜಕ್ಕಿಲ್ಲ. ಹಕ್ಕಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಸಾಲ್ಮೊನೆಲ್ಲಾ ಸೋಂಕಿನ ಭಯದಿಂದ ಐದು ವರ್ಷದೊಳಗಿನ ಮಕ್ಕಳಿಗೆ ಮರಿಗಳನ್ನು ಮುಟ್ಟಗೊಡದಿರುವುದೇ ಕ್ಷೇಮ. 2022ರ ಫೆಬ್ರವರಿಯಿಂದ ಈ ದೇಶದ ಸಾಕುಹಕ್ಕಿಗಳಲ್ಲಿ ಹರಡಿದ ಹಕ್ಕಿಜ್ವರ ಕಾಡುಬಾತುಗಳ ಮೂಲಕ ಬರುವುದರಿಂದ, ಕಾಳು ನೀರುಗಳನ್ನು ಸೂರಿನಡಿಯಲ್ಲೇ ಇಡಿ; ಗೂಡಿಗೆ ಹೋಗಲು ಬೇರೆಯೇ ಜೋಡನ್ನು ಇಟ್ಟುಕೊಳ್ಳಿ. ಹಕ್ಕಿಗಳು ಇದ್ದಕ್ಕಿದ್ದಂತೆ ಸತ್ತರೆ ಮುಚ್ಚಿಡದೆ ರಾಜ್ಯದ ಪಶುವೈದ್ಯ ಅಧಿಕಾರಿಗಳಿಗೆ ತಿಳಿಸಿ.

ಈ ಮೂರು ಪ್ರಶ್ನೆಗಳಿಗೆ ತಮ್ಮ ಮನೆಯಲ್ಲಿ ಉತ್ತರ ದೊರೆತರೆ ನಾಲ್ಕು ಹೇಂಟೆಗಳಿಂದ ಆರಂಭಿಸಿ. ದೊರೆಯದಿದ್ದರೆ ನಮ್ಮಲ್ಲಿಗೇ ಬನ್ನಿ, ಮಕ್ಕಳನ್ನೂ ಕರೆತನ್ನಿ. ಬೆಚ್ಚಗಿನ ಮೊಟ್ಟೆಯನ್ನು ಅವರ ಕೈಗೆ ಕೊಡುತ್ತೇವೆ. ಸಂಜೆ ಬಾಗಿಲು ಮುಚ್ಚುವ ಕೆಲಸವನ್ನೂ ಕೊಡುತ್ತೇವೆ.